ಬರವನ್ನು ಬಲ್ಲ ಬೀಜ

ಹಂಪೆಯ ಹೆಸರು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುವು ಕಲ್ಲಿನ ರಥ, ಮಹಾನವಮಿಯ ದಿಬ್ಬ, ವಿರೂಪಾಕ್ಷನ ಗೋಪುರ. ಸ್ವಲ್ಪ ಹೆಚ್ಚು ಬಲ್ಲವರು ತುಂಗಭದ್ರೆಯಿಂದ ತೆಗೆದ ಕಾಲುವೆಗಳನ್ನೂ ಹೊಸಪೇಟೆಯ ಸುತ್ತಣ ಕೆರೆಗಳನ್ನೂ ನೆನೆಯುವರು. ಆದರೆ ಆ ಮಹಾನಗರದ ಜನರು ಏನನ್ನು ಉಂಡು ಬದುಕಿದರು, ಮಳೆ ತಪ್ಪಿದ ವರ್ಷ ಯಾವ ಪೈರು ಹೊಲದಲ್ಲಿ ಉಳಿಯುತ್ತಿತ್ತು, ಅದರ ಬೀಜವನ್ನು ಕಾಪಾಡಿದವರು ಯಾರು ಎಂದು ಕೇಳುವವರು ವಿರಳ. ಬೇಸಗೆಯ ಬಿಸಿ ಏರುತ್ತ, ಮಳೆ ಕ್ರಮ ತಪ್ಪುತ್ತ ಬರುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆ ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದುದಾಗಿ ಉಳಿದಿಲ್ಲ. ಆದುದರಿಂದ ಈ ಹೊತ್ತು ನಾವು ಅದನ್ನೇ ಕೈಗೆತ್ತಿಕೊಳ್ಳೋಣ.

ಮೊದಲು ನೆಲದ ಗುಣವನ್ನು ತಿಳಿಯಬೇಕು. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಈ ಸೀಮೆ ಪಡುವಣ ಘಟ್ಟಗಳ ಮಳೆನೆರಳಿನಲ್ಲಿ ಬಿದ್ದಿದೆ. ಬಳ್ಳಾರಿಯ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 20 ಅಂಗುಲ. ಸಂಡೂರಿನ ಬೆಟ್ಟಗಳಲ್ಲಿ ಮಾತ್ರ ಇದಕ್ಕಿಂತ ಹೆಚ್ಚು. ಬೆಟ್ಟದ ಸೆರಗಿನ ಕೆಂಪು ಮಣ್ಣು ಬೇಗನೆ ಆರಿಹೋಗುತ್ತದೆ. ಅಲ್ಲಿಗೆ ಮೂರು ತಿಂಗಳೊಳಗೆ ತೆನೆಗಟ್ಟಿ ಕೊಯ್ಲಿಗೆ ಬರುವ ನವಣೆಯಂಥ ಪೈರು ಬೇಕು. ಪೂರ್ವದ ಎರೆಯ ಭೂಮಿ ಮಳೆಯ ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಅಲ್ಲಿ ಹಿಂಗಾರಿನಲ್ಲಿ ಬಿತ್ತಿದ ಜೋಳ, ಮುಂದೆ ಹನಿ ಮಳೆ ಬೀಳದಿದ್ದರೂ, ಆಳದ ತೇವವನ್ನೇ ಹೀರಿ ಕಾಳುಗಟ್ಟುತ್ತದೆ. ಒಂದೇ ತಾಲ್ಲೂಕಿನಲ್ಲಿ ಎರಡು ಬಗೆಯ ಮಣ್ಣು, ಎರಡು ಬಗೆಯ ಬರ, ಎರಡು ಬಗೆಯ ಬೀಜ.

ಈ ತಿಳಿವು ನಿನ್ನೆ ಮೊನ್ನೆಯದಲ್ಲ. ಕುಡತಿನಿಯ ಬೂದಿದಿಬ್ಬ, ಸಂಗನಕಲ್ಲು, ತೆಕ್ಕಲಕೋಟೆ ಮೊದಲಾದೆಡೆಗಳಲ್ಲಿ ನವಶಿಲಾಯುಗದ ದನಗಾಹಿಗಳೂ ಬೇಸಾಯಗಾರರೂ ನೆಲೆಸಿದ್ದರೆಂಬುದು ಉತ್ಖನನಗಳಿಂದ ಸಿದ್ಧವಾಗಿದೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಇಂಥ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಸಸ್ಯಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ಅವುಗಳಲ್ಲಿ ಪ್ರಧಾನವಾದುವು ಕೊರಲೆ ಮತ್ತು ಅದರಂಥ ಕಿರುಧಾನ್ಯಗಳು, ಹುರುಳಿ, ಹೆಸರು. ಗೋಧಿ ಮತ್ತು ಬಾರ್ಲಿಯ ಕಾಳುಗಳೂ ಕೆಲವೆಡೆ ಸಿಕ್ಕಿವೆ. ಇವು ವಾಯವ್ಯದಿಂದ ಬಂದ ಅತಿಥಿಗಳು, ಚಳಿಯನ್ನು ಬಯಸುವ ಪೈರುಗಳು. ಇಲ್ಲಿಯ ಕಿರಿದಾದ ಚಳಿಗಾಲ ಅವಕ್ಕೆ ಒಗ್ಗುವುದು ಕಷ್ಟ. ಹುರುಳಿ, ಕೊರಲೆಗಳು ಈ ನೆಲದ ಮಕ್ಕಳು. ಹೀಗೆ ಯಾವ ಪೈರು ಈ ಬಿಸಿಲನ್ನು ತಡೆದೀತು ಎಂಬ ಪರೀಕ್ಷೆ ಆಗಲೇ ನಡೆಯುತ್ತಿತ್ತು.

ವಿಜಯನಗರದ ಕಾಲಕ್ಕೆ ಬಂದರೆ ಬರಕ್ಕೆ ಮತ್ತೊಂದು ಉತ್ತರ ಕಾಣಿಸುತ್ತದೆ. ಅದು ನೀರು. ಅರಸರು ನದಿಗೆ ಅಡ್ಡಕಟ್ಟೆಗಳನ್ನು ಹಾಕಿಸಿ ಕಾಲುವೆಗಳನ್ನು ತೆಗೆಯಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ಹರಿಯುತ್ತಿವೆ. ಕೃಷ್ಣದೇವರಾಯನು ನಾಗಲಾಪುರದ, ಎಂದರೆ ಇಂದಿನ ಹೊಸಪೇಟೆಯ, ಬಳಿ ಕಟ್ಟಿಸುತ್ತಿದ್ದ ಹಿರಿಯ ಕೆರೆಯನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕಂಡು ಬರೆದಿದ್ದಾನೆ. ಅದೇ ಪಯಸ್ ಈ ನಾಡಿನ ಬೆಳೆಗಳನ್ನೂ ಹೇಳುತ್ತಾನೆ: ಭತ್ತ, ಜೋಳ, ಕಾಳುಗಳು, ಹತ್ತಿ, ಒಳ್ಳೆಯ ಗೋಧಿಯೂ ಉಂಟೆಂದು ಸೇರಿಸುತ್ತಾನೆ. ಕಾಳು ಮನುಷ್ಯರಿಗೆ ಮಾತ್ರವಲ್ಲದೆ ಕುದುರೆಗಳಿಗೂ ಆಹಾರವಾಗಿತ್ತೆಂಬುದು ಅವನ ಮಾತು. ಸಾಮ್ರಾಜ್ಯದ ಅಶ್ವಬಲವೂ ಒಣಬೇಸಾಯದ ಋಣದಲ್ಲಿತ್ತು.

ಇಲ್ಲಿ ನಾವು ಒಂದು ಸಂಗತಿಯನ್ನು ಗಮನಿಸಬೇಕು. ಕ್ಯಾಥ್ಲೀನ್ ಮಾರಿಸನ್, ಕಾರ್ಲಾ ಸಿನೊಪೋಲಿ ಎಂಬ ವಿದುಷಿಯರು ರಾಜಧಾನಿಯ ಹೊರವಲಯವನ್ನು ಕಾಲ್ನಡೆಯಲ್ಲಿ ಅಳೆದು ನೋಡಿದಾಗ, ಕಾಲುವೆ ಮುಟ್ಟದ ಇಳಿಜಾರುಗಳಲ್ಲಿಯೂ ಕಲ್ಲಿನ ಒಡ್ಡುಗಳು, ಮೆಟ್ಟಿಲು ಹೊಲಗಳು, ಸಣ್ಣ ಕೆರೆಗಳು ಕಂಡುಬಂದವು. ಕಾಲುವೆಯ ಕೆಳಗೆ ಭತ್ತ, ಕಬ್ಬು, ಬಾಳೆ. ಮೇಲಿನ ಹೊಲಗಳಲ್ಲಿ ಜೋಳ, ನವಣೆ, ಹುರುಳಿ. ಕಾಲುವೆ ತೆಗೆಯಿಸಿದವರ ಹೆಸರು ಶಾಸನದಲ್ಲಿ ಉಳಿಯುವುದುಂಟು. ಪ್ರತಿ ಸುಗ್ಗಿಯಲ್ಲಿ ದಪ್ಪ ತೆನೆಯನ್ನು ಬೇರೆ ತೆಗೆದು, ಬೇವಿನೆಲೆ ಬೂದಿಗಳೊಡನೆ ಗಡಿಗೆಯಲ್ಲಿ ಮುಚ್ಚಿಟ್ಟ ಒಕ್ಕಲಗಿತ್ತಿಯ ಹೆಸರನ್ನು ಯಾವ ಕಲ್ಲಿನಲ್ಲಿಯೂ ಕೊರೆಯಲಿಲ್ಲ. ಆದರೂ ತಳಿಯ ಆಯ್ಕೆ ಎಂಬ ವಿದ್ಯೆ ನಡೆದದ್ದು ಅವಳ ಕೈಯಲ್ಲಿ.

ಈ ವಿದ್ಯೆಗೂ ಒಂದು ಮಿತಿಯಿತ್ತು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. 1878ರವರೆಗೆ ಹಬ್ಬಿದ ಆ ಮಹಾಕ್ಷಾಮದಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಎಂಥ ಗಟ್ಟಿ ಬೀಜವಾದರೂ ತೇವವೇ ಇಲ್ಲದ ಮಣ್ಣಿನಲ್ಲಿ ಮೊಳೆಯಲಾರದು. ಹಸಿದ ಮನೆ ಬಿತ್ತನೆಯ ಕಾಳನ್ನೂ ಉಣ್ಣದೆ ಇರಲಾರದು. ಹಾಗೆ ಉಂಡ ಗಡಿಗೆಯೊಡನೆ ತಲೆಮಾರುಗಳ ಆಯ್ಕೆಯೂ ಮುಗಿದುಹೋಗುತ್ತದೆ. ಕ್ಷಾಮದ ಈ ನಷ್ಟ ಯಾವ ಲೆಕ್ಕಪತ್ರಕ್ಕೂ ಸೇರಲಿಲ್ಲ.

1880ರ ಕ್ಷಾಮ ಆಯೋಗದ ಸಲಹೆಯಿಂದ ಪ್ರಾಂತಗಳಲ್ಲಿ ವ್ಯವಸಾಯ ಇಲಾಖೆಗಳು ಬೆಳೆದವು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹಗರಿಯಲ್ಲಿ 1906ರಲ್ಲಿ ಒಂದು ಪ್ರಯೋಗಕ್ಷೇತ್ರ ಏರ್ಪಟ್ಟಿತು. ಹತ್ತಿ, ಜೋಳ, ನವಣೆಗಳು ಅದರ ಮುಖ್ಯ ವಿಷಯಗಳು. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಆರಿಸಿದ ಐದು ಕೇಂದ್ರಗಳಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹಟಕಗಳೊಡನೆ ಹಗರಿಯೂ ಸೇರಿತ್ತು.

ಇಂಥ ಕ್ಷೇತ್ರಗಳಲ್ಲಿ ನಡೆಯುತ್ತಿದ್ದ ಕೆಲಸದ ಕ್ರಮ ಸರಳ. ರೈತರ ಹೊಲಗಳಿಂದ ನೂರಾರು ತೆನೆಗಳನ್ನು ತರುವರು. ಒಂದೊಂದು ತೆನೆಯ ಕಾಳನ್ನೂ ಒಂದೊಂದು ಸಾಲಾಗಿ ಬಿತ್ತುವರು. ಯಾವ ಸಾಲು ಬಿಸಿಗಾಳಿಗೆ ಬಾಡಲಿಲ್ಲ, ಯಾವುದು ಬುಡ ಮುರಿದು ಬೀಳಲಿಲ್ಲ, ಯಾವುದರ ಕಾಳು ಜೊಳ್ಳಾಗಲಿಲ್ಲ ಎಂದು ಪರೀಕ್ಷಿಸಿ, ಗೆದ್ದುದನ್ನು ಮಾತ್ರ ಮುಂದಿನ ವರ್ಷ ಬಿತ್ತುವರು. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ನಾಡಜೋಳವಾದ ಮಾಲದಂಡಿಯಿಂದ ಎಂ 35-1 ಎಂಬ ತಳಿಯನ್ನು ಹೀಗೆಯೇ ಆರಿಸಿದರು. ಎಷ್ಟೋ ಹೊಸ ತಳಿಗಳು ಬಂದುಹೋದರೂ ಉತ್ತರ ಕರ್ನಾಟಕದ ಹಿಂಗಾರಿನ ಹೊಲಗಳಿಂದ ಅದು ಇನ್ನೂ ಕಾಲ್ತೆಗೆದಿಲ್ಲ. ರೊಟ್ಟಿಯ ರುಚಿ, ದನಕ್ಕೆ ಸೊಪ್ಪೆ, ಬರದಲ್ಲಿಯೂ ಒಂದಿಷ್ಟು ಕಾಳು — ಈ ಮೂರನ್ನೂ ಒಟ್ಟಿಗೆ ಕೊಡುವ ತಳಿ ಸುಲಭವಾಗಿ ದೊರೆಯುವುದಿಲ್ಲ.

ಗೋಧಿಯ ಕಥೆ ಇನ್ನೂ ಬೋಧಪ್ರದವಾಗಿದೆ. ಹಂಪೆಯಿಂದ ಉತ್ತರಕ್ಕೆ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳ ಕಡೆ ಸದಕವೆಂಬ ಗೋಧಿಯುಂಟು. ಜವೆಗೋಧಿ ಎಂಬ ಹೆಸರೂ ಅದಕ್ಕಿದೆ. ಮರಾಠಿಗರು ಖಪ್ಲಿ ಎನ್ನುತ್ತಾರೆ. ಅದರ ಕಾಳಿಗೆ ಹೊಟ್ಟು ಅಂಟಿಕೊಂಡಿರುವುದರಿಂದ ಕುಟ್ಟುವುದು ಶ್ರಮದ ಕೆಲಸ. ಪೈರು ಎತ್ತರವಾಗಿ ಬೆಳೆದು ಗಾಳಿಗೆ ಒರಗುತ್ತದೆ. ಈ ಕಾರಣಗಳಿಂದ ಅದು ಹಿಂದೆ ಸರಿಯಿತು. ಆದರೆ ಬಿಸಿಯನ್ನೂ ತುಕ್ಕು ರೋಗವನ್ನೂ ತಡೆಯುವ ಶಕ್ತಿ ಅದರ ರಕ್ತದಲ್ಲಿತ್ತು. ಅಮೆರಿಕದ ಮಿನೆಸೋಟಾದಲ್ಲಿ ಸ್ಟೇಕ್‌ಮನ್ ಮತ್ತು ಅವರ ಸಂಗಡಿಗರು ಕಾಂಡದ ತುಕ್ಕಿನ ಬಗೆಗಳನ್ನು ಗುರುತಿಸಲು ಇಟ್ಟುಕೊಂಡ 12 ಗೋಧಿಗಳಲ್ಲಿ ಖಪ್ಲಿ ಒಂದು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ವಾಟರ್‌ಹೌಸ್ ಎಂಬ ವಿದ್ವಾಂಸರು ಅದನ್ನು ಅಲ್ಲಿಯ ಗೋಧಿಯೊಂದಿಗೆ ಕೂಡಿಸಿ ಖಪ್‌ಸ್ಟೀನ್ ಎಂಬ ತಳಿಯನ್ನು ಪಡೆದರು. ನಮ್ಮ ಮನೆಗಳಲ್ಲಿ ಕುಟ್ಟಲು ಬೇಸರವೆಂದು ಬದಿಗಿಟ್ಟ ಕಾಳು ಸಮುದ್ರದಾಚೆಯ ಹೊಲಗಳ ರೋಗಕ್ಕೆ ಮದ್ದಾಯಿತು. ಇತ್ತ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಅದರ ನಿಲುವನ್ನು ಕುಗ್ಗಿಸಿ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ರೂಪಿಸಿದರು. ಹಳೆಯ ಬೀಜವನ್ನು ಬಿತ್ತುತ್ತ ಬಂದ ಕೆಲವು ಹಳ್ಳಿಗಳು ಇಲ್ಲದಿದ್ದರೆ ಈ ಕೆಲಸಕ್ಕೆ ಆಧಾರವೇ ಇರುತ್ತಿರಲಿಲ್ಲ.

ಹೊಸಪೇಟೆಗೆ ಹಿಂದಿರುಗೋಣ. 1945ರಲ್ಲಿ ಮೊದಲಾದ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ನೀರು ಹರಿಸಿತು. ಜೋಳ, ಹತ್ತಿಗಳಂಥ ಮಿತನೀರಿನ ಬೆಳೆಗಳನ್ನೇ ಹೆಚ್ಚಾಗಿ ಬೆಳೆದು ವಿಶಾಲ ಪ್ರದೇಶವನ್ನು ಕ್ಷಾಮದಿಂದ ಕಾಯಬೇಕೆಂಬುದು ಯೋಜನೆಯ ಉದ್ದೇಶ. ಆದರೆ ಕಾಲುವೆಯ ಮೊದಲ ಭಾಗದಲ್ಲಿ ಭತ್ತ ಹಬ್ಬಿತು. ಕಂಪ್ಲಿ, ಗಂಗಾವತಿಗಳ ಬಯಲು ಅಕ್ಕಿಯ ಕಣಜವೆನಿಸಿತು. ಎಷ್ಟೋ ಮನೆಗಳ ಬಡತನ ನೀಗಿತು. ಇದನ್ನು ಹಳಿಯುವುದು ನ್ಯಾಯವಲ್ಲ. ಆದರೆ ಅದೇ ನೀರು ಎರೆಯ ನೆಲದಲ್ಲಿ ನಿಂತೆಡೆ ಜವುಳು ಮತ್ತು ಚೌಳು ಕಾಣಿಸಿಕೊಂಡವು. ಆಗ ನೀರು ತಂದ ಕಷ್ಟಕ್ಕೆ ಪರಿಹಾರವನ್ನು ಮತ್ತೆ ಬೀಜದಲ್ಲಿಯೇ ಹುಡುಕಬೇಕಾಯಿತು. ಚೌಳನ್ನು ಸಹಿಸುವ ಗಂಗಾವತಿ ಸೋನಾ ಎಂಬ ಭತ್ತ ಈ ಹುಡುಕಾಟದ ಫಲ.

ಜಲಾಶಯವೂ ಶಾಶ್ವತ ಭರವಸೆಯಲ್ಲ. ಸುಮಾರು 133 ಶತಕೋಟಿ ಘನ ಅಡಿ ನೀರು ಹಿಡಿಯುತ್ತಿದ್ದ ಅದರ ಒಡಲು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರಂದು ಅದರ 19ನೆಯ ತೂಬಿನ ಬಾಗಿಲು ಸರಪಳಿ ಕಡಿದು ಕೊಚ್ಚಿಹೋದಾಗ, ತುಂಬಿದ್ದ ನೀರು ಕಣ್ಣೆದುರಿಗೇ ಹರಿದುಹೋಗುವುದನ್ನು ಕೆಳಗಣ ರೈತರು ಕಂಡರು.

ಹಾಗಾದರೆ ಈ ಚರಿತ್ರೆಯಿಂದ ನಾವು ತಿಳಿಯತಕ್ಕುದೇನು? ನೀರನ್ನು ತಡೆದು ನಿಲ್ಲಿಸುವುದು ಬೇಕು. ವಿಜಯನಗರದ ಅರಸರು ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ನೀರು ಕೈಬಿಟ್ಟ ವರ್ಷ ಉಳಿಯುವ ಗುಣ ಬೀಜದಲ್ಲಿರಬೇಕು. ಆ ಗುಣವನ್ನು ಸಂಶೋಧಕನು ಶೂನ್ಯದಿಂದ ಸೃಷ್ಟಿಸಲಾರನು. ಎಲ್ಲಿಯೋ ಒಂದು ಒಣಹೊಲದಲ್ಲಿ, ಯಾವುದೋ ಗಡಿಗೆಯಲ್ಲಿ ಅದು ಆಗಲೇ ಇದ್ದರೆ, ಆರಿಸಿ, ಕೂಡಿಸಿ, ಹೆಚ್ಚಿಸಿ ಕೊಡಬಲ್ಲನು. ಪೇಟೆಯವರಾದ ನಾವು ನವಣೆ, ಕೊರಲೆ, ಸದಕಗಳನ್ನು ಕೊಂಡು ಉಣ್ಣುವುದನ್ನು ಬಿಟ್ಟಾಗ ರೈತನು ಬಿತ್ತುವುದನ್ನು ಬಿಟ್ಟನು. ಸರಕಾರದ ಶೀತಲ ಉಗ್ರಾಣಗಳಲ್ಲಿ ಬೀಜವನ್ನು ಜೋಪಾನ ಮಾಡಬಹುದು, ಮಾಡಲೂ ಬೇಕು. ಆದರೆ ಅಲ್ಲಿ ಮಲಗಿರುವ ಬೀಜ ಹೊಸ ಬಿಸಿಲನ್ನೂ ಹೊಸ ರೋಗವನ್ನೂ ಕಾಣದು. ವರ್ಷವರ್ಷವೂ ಮಣ್ಣಿಗೆ ಬಿದ್ದು ಎದ್ದುದೇ ಕಾಲದ ಬದಲಾವಣೆಯನ್ನು ಅರಿಯುತ್ತದೆ. ಸಂಡೂರಿನ ಕೆಂಪು ಹೊಲದ ಒಕ್ಕಲು ಬೀಜದ ಕಾಳನ್ನು ಮಾರದೆ, ಉಣ್ಣದೆ ಮುಂದಿನ ಮಳೆಗೆಂದು ಉಳಿಸಿಕೊಳ್ಳುವಷ್ಟು ಬೆಲೆ ಅವನ ಬೆಳೆಗೆ ಸಿಕ್ಕುವಂತೆ ನೋಡಿಕೊಳ್ಳುವುದು, ಅವನ ಧಾನ್ಯವನ್ನು ಕೊಳ್ಳುವ ನಮ್ಮ ಹೊಣೆಯೂ ಹೌದು.