ಡೊರೊಥಿ ಆರ್ಜ್ನರ್
ಡೊರೊಥಿ ಆರ್ಜ್ನರ್ (1897–1979): ಹಾಲಿವುಡ್‌ನ ಸ್ಟುಡಿಯೋ ಯುಗದಲ್ಲಿ, ಅಂದರೆ ಕಥೆಗಾರರಿಂದ ತಾರೆಯರವರೆಗೆ ಬಹುತೇಕ ಎಲ್ಲರೂ ನಿರ್ಮಾಣ ಸಂಸ್ಥೆಗಳ ಸಂಬಳಕ್ಕೆ ದುಡಿಯುತ್ತಿದ್ದ ಕಾಲದಲ್ಲಿ, ಕೆಳಗಿನ ಮೆಟ್ಟಿಲಿನಿಂದ ನಿರ್ದೇಶನದವರೆಗೆ ಏರಿದ ಅಮೆರಿಕದ ಚಲನಚಿತ್ರ ನಿರ್ದೇಶಕಿ. ಮುಂದೆ ಪ್ಯಾರಾಮೌಂಟ್ ಎಂದು ಹೆಸರಾದ ಸಂಸ್ಥೆಗೆ 1919ರಲ್ಲಿ ಚಿತ್ರಕಥೆಗಳ ಬೆರಳಚ್ಚುಗಾರ್ತಿಯಾಗಿ ಸೇರಿದ ಈಕೆ ಬೇಗನೆ ಸಂಕಲನ ವಿಭಾಗಕ್ಕೆ ಬಂದು, 'ಬ್ಲಡ್ ಅಂಡ್ ಸ್ಯಾಂಡ್' (1922) ಚಿತ್ರದ ಗೂಳಿಕಾಳಗದ ದೃಶ್ಯಗಳಲ್ಲಿ, ಹಿಂದೆಯೇ ಚಿತ್ರೀಕರಿಸಿಟ್ಟಿದ್ದ ನಿಜವಾದ ಕಾಳಗದ ತುಣುಕುಗಳನ್ನು ನಾಯಕನಟ ವ್ಯಾಲೆಂಟಿನೊನ ಸಮೀಪದೃಶ್ಯಗಳೊಂದಿಗೆ ಹೆಣೆದು ಮೆಚ್ಚುಗೆ ಗಳಿಸಿದರು. ಇಷ್ಟಾದರೂ ನಿರ್ದೇಶನ ತಾನಾಗಿ ಒಲಿದು ಬರಲಿಲ್ಲ. ಪ್ರತಿಸ್ಪರ್ಧಿ ಕೊಲಂಬಿಯಾ ಸಂಸ್ಥೆಗೆ ಹೊರಟುನಿಂತಾಗಲಷ್ಟೇ 'ಫ್ಯಾಷನ್ಸ್ ಫಾರ್ ವಿಮೆನ್' (1927) ಅವರ ಕೈಸೇರಿತು. 'ದಿ ವೈಲ್ಡ್ ಪಾರ್ಟಿ' (1929) ಎಂಬ ವಾಕ್ಚಿತ್ರದಲ್ಲಿ, ಒಂದೆಡೆ ನೆಟ್ಟ ಮೈಕ್ರೊಫೋನಿಗೆ ಅಂಜುತ್ತಿದ್ದ ನಾಯಕಿ ಕ್ಲಾರಾ ಬೋ ಸಲೀಸಾಗಿ ಓಡಾಡಲೆಂದು, ಅದನ್ನು ಮೀನಿನ ಗಾಳದ ಕೋಲಿಗೆ ಕಟ್ಟಿಸಿ ಆಕೆಯ ತಲೆಯ ಮೇಲೆ ಸಾಗಿಸುವಂತೆ ಮಾಡಿದ್ದು ಆರ್ಜ್ನರ್ ಅವರ ಸೂಕ್ಷ್ಮ ಬುದ್ಧಿಗೂ ನಟರ ಮೇಲಿನ ಕಾಳಜಿಗೂ ಸಾಕ್ಷಿಯಾಗಿದೆ. ನಿರ್ದೇಶಕರ ಸಂಘದ ಮೊದಲ ಮಹಿಳಾ ಸದಸ್ಯೆಯೂ ಆಗಿದ್ದ ಅವರು 1943ರಲ್ಲಿ ಹಾಲಿವುಡ್ ತೊರೆದು, ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಕಲೆಯನ್ನು ಬೋಧಿಸಿದರು. ಅಲ್ಲಿನ ಅವರ ವಿದ್ಯಾರ್ಥಿಗಳಲ್ಲಿ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಒಬ್ಬರು.