ಮಿಡಿತದಲ್ಲಿ ಅಡಗಿದ ಅಳತೆ: ಪಲ್ಸ್ ಆಕ್ಸಿಮೀಟರ್, ರಕ್ತನಾಳ ಮತ್ತು ಚರ್ಮದ ಬಣ್ಣ

2021ರ ಕೋವಿಡ್ ಎರಡನೆಯ ಅಲೆಯಲ್ಲಿ ‘ಸ್ಯಾಚುರೇಷನ್ ಎಷ್ಟಿದೆ?’ ಎಂಬ ಪ್ರಶ್ನೆ ಆಸ್ಪತ್ರೆಯ ವಾರ್ಡು ದಾಟಿ ಕರ್ನಾಟಕದ ಹಳ್ಳಿಮನೆಗಳಿಗೂ ಬಂತು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ 94ಕ್ಕಿಂತ ಕಡಿಮೆ ತೋರಿಸಿದರೆ ಆಸ್ಪತ್ರೆಗೆ ಹೊರಡಬೇಕು, 90ಕ್ಕಿಂತ ಕೆಳಗಿಳಿದರೆ ಸ್ಥಿತಿ ಗಂಭೀರ ಎಂಬ ಲೆಕ್ಕ ಜನರ ಬಾಯಲ್ಲಿ ನಿಂತಿತು. ಈ ಅಂಕಿಯನ್ನು ರಕ್ತದ ನೇರ ಅಳತೆ ಎಂದೇ ಎಲ್ಲರೂ ನಂಬಿದರು. ವೈದ್ಯರಲ್ಲೂ ಬಹಳ ಮಂದಿ ಹಾಗೆಯೇ ನಂಬುತ್ತಾರೆ. ಆದರೆ ಆ ಕ್ಲಿಪ್, ಅಂದರೆ ಪಲ್ಸ್ ಆಕ್ಸಿಮೀಟರ್, ಅಳೆಯುವುದು ಬೆರಳಿನ ಸಣ್ಣ ಅಪಧಮನಿಗಳ ಮಿಡಿತದಿಂದ ಬೆಳಕಿನಲ್ಲಿ ಆಗುವ ಏರಿಳಿತವನ್ನು. ಅದನ್ನು ಆಮ್ಲಜನಕದ ಶೇಕಡಾವಾರು ಮಾಡುವುದು ಹಿಂದೆಂದೋ ಆರೋಗ್ಯವಂತ ಸ್ವಯಂಸೇವಕರ ಬೆರಳುಗಳಿಂದ ಪಡೆದ ಒಂದು ಪಟ್ಟಿ. ಈ ಉಪಕರಣದ ಬಲವೂ ದೋಷವೂ ಇವೆರಡರ ನಡುವಿನ ಹಾದಿಯಲ್ಲೇ ಇವೆ, ಮತ್ತು ಆ ದೋಷವನ್ನು ನಮ್ಮ ರೋಗಿಗಳಲ್ಲೇ ಅಳೆಯಬೇಕು ಎಂಬುದು ಈ ಲೇಖನದ ವಾದ.

ಹಿಮೋಗ್ಲೋಬಿನ್ನಿನ ಬಣ್ಣ ಆಮ್ಲಜನಕದೊಂದಿಗೆ ಬದಲಾಗುತ್ತದೆ ಎಂಬುದು ಹಳೆಯ ತಿಳಿವಳಿಕೆ. ಜರ್ಮನಿಯ ಹೋಪ್ಪೆ-ಝೈಲರ್ 1862ರಲ್ಲಿ ರಕ್ತ ಬೆಳಕನ್ನು ಹೀರುವ ಪಟ್ಟಿಗಳನ್ನು ವಿವರಿಸಿದರು. ಆಮ್ಲಜನಕ ಬಿಟ್ಟಾಗ ಆ ಪಟ್ಟಿಗಳು ಬದಲಾಗುವುದನ್ನು 1864ರಲ್ಲಿ ಇಂಗ್ಲೆಂಡಿನ ಸ್ಟೋಕ್ಸ್ ತೋರಿಸಿದರು. 660 ನ್ಯಾನೊಮೀಟರ್ ಸುತ್ತಿನ ಕೆಂಪು ಬೆಳಕನ್ನು ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಸುಮಾರು ಹತ್ತು ಪಟ್ಟು ಹೆಚ್ಚು ಹೀರುತ್ತದೆ. 940ರ ಅವಕೆಂಪಿನಲ್ಲಿ ಆಮ್ಲಜನಕ ಹೊತ್ತದ್ದೇ ಹೆಚ್ಚು ಹೀರುತ್ತದೆ. ಎರಡು ಅಲೆಯುದ್ದಗಳನ್ನು ಬಳಸಿ ಕಿವಿಯ ಮೂಲಕ ಆಮ್ಲಜನಕ ಅಳೆಯುವ ಸಾಧನವನ್ನು ಕಾರ್ಲ್ ಮಾಟೆಸ್ 1935ರಲ್ಲೇ ಕಟ್ಟಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎತ್ತರದಲ್ಲಿ ಪ್ರಜ್ಞೆ ತಪ್ಪುವ ವಿಮಾನ ಚಾಲಕರಿಗಾಗಿ ಗ್ಲೆನ್ ಮಿಲಿಕನ್ ಅದನ್ನು ಹಗುರಗೊಳಿಸಿದರು. ಆದರೆ ಬೆಳಕಿನ ದಾರಿಯಲ್ಲಿ ಅಪಧಮನಿಯ ರಕ್ತವೊಂದೇ ಇರುವುದಿಲ್ಲ. ಚರ್ಮ, ಮೂಳೆ, ಸ್ನಾಯು, ಅಭಿಧಮನಿಯ ರಕ್ತ ಎಲ್ಲವೂ ಅದನ್ನು ಹೀರುತ್ತವೆ. ಆ ಕಾಲದವರು ಕಿವಿಯನ್ನು ಬಿಸಿ ಮಾಡಿ ನಾಳಗಳನ್ನು ಹಿಗ್ಗಿಸುತ್ತಿದ್ದರು. ಅಮೆರಿಕದ ಅರ್ಲ್ ವುಡ್ ಕಿವಿಯನ್ನು ಒತ್ತಿ ರಕ್ತ ಹೊರದೂಡಿ, ರಕ್ತವಿಲ್ಲದ ಅಂಗಾಂಶದ ಹೀರಿಕೆಯನ್ನು ಮೊದಲು ಗುರುತಿಸಿಕೊಳ್ಳುತ್ತಿದ್ದರು. ಪ್ರಯೋಗಾಲಯಕ್ಕೆ ಇದು ಸಾಕಿತ್ತು, ರೋಗಿಯ ಹಾಸಿಗೆಯ ಬಳಿಗೆ ಒಗ್ಗಲಿಲ್ಲ.

ಬಿಡಿಸಲಾಗದ ಈ ಗಂಟನ್ನು ಬಿಚ್ಚಿದವರು ಜಪಾನಿನ ನಿಹೊನ್ ಕೊಡೆನ್ ಕಂಪನಿಯ ಎಂಜಿನಿಯರ್ ತಕುವೊ ಆವೊಯಾಗಿ. 1970ರ ದಶಕದ ಆರಂಭದಲ್ಲಿ ಅವರು ತೊಡಗಿದ್ದ ಕೆಲಸವೇ ಬೇರೆ. ರಕ್ತಕ್ಕೆ ಇಂಡೋಸಯನಿನ್ ಗ್ರೀನ್ ಎಂಬ ಬಣ್ಣ ಚುಚ್ಚಿ, ಅದು ತಿಳಿಯಾಗುತ್ತ ಹೋಗುವ ರೇಖೆಯನ್ನು ಕಿವಿಯಲ್ಲಿ ಓದಿ, ಹೃದಯ ಹೊರಹಾಕುವ ರಕ್ತದ ಪ್ರಮಾಣ ಕಂಡುಹಿಡಿಯಬೇಕಿತ್ತು. ನಾಡಿಯ ಮಿಡಿತ ಆ ರೇಖೆಯ ಮೇಲೆ ಕೂತು ಓದುವುದಕ್ಕೇ ಬಿಡುತ್ತಿರಲಿಲ್ಲ. ಬಣ್ಣ ಹೀರದ ಇನ್ನೊಂದು ಅಲೆಯುದ್ದವನ್ನು ಜೊತೆಗಿಟ್ಟು ಮಿಡಿತವನ್ನು ಅಳಿಸಲು ಹೊರಟಾಗ, ರಕ್ತದ ಆಮ್ಲಜನಕ ಬದಲಾದರೆ ಆ ಅಳಿಸುವಿಕೆ ಕೆಡುವುದು ಅವರ ಗಮನಕ್ಕೆ ಬಂತು. ಹಾಗಾದರೆ ಮಿಡಿತವನ್ನೇ ಅಳೆದರೆ ಆಮ್ಲಜನಕ ತಿಳಿಯುತ್ತದೆ! ಮಿಡಿಯುವುದು ಅಪಧಮನಿಯ ರಕ್ತ, ಮಿಡಿಯದೆ ಉಳಿದದ್ದು ಮಿಕ್ಕೆಲ್ಲ. ಕಿವಿಯನ್ನು ಹಿಂಡಿ ರಕ್ತ ತೆಗೆಯುವ ಕೆಲಸವನ್ನು ಹೃದಯವೇ ಪ್ರತಿ ಬಡಿತದಲ್ಲೂ ಮಾಡಿಕೊಡುತ್ತಿದೆ. 1974ರಲ್ಲಿ ಅವರು ಇದನ್ನು ಜಪಾನಿನಲ್ಲಿ ಮಂಡಿಸಿದರು, ಮರುವರ್ಷ ಶಸ್ತ್ರವೈದ್ಯ ಸುಸುಮು ನಕಾಜಿಮ ರೋಗಿಗಳ ಮೇಲೆ ಪರೀಕ್ಷಿಸಿದರು. ಮುಂದೆ ಅಮೆರಿಕದ ಕಂಪನಿಗಳು ಎಲ್‌ಇಡಿ ದೀಪ ಮತ್ತು ಮೈಕ್ರೊಪ್ರೊಸೆಸರ್ ಸೇರಿಸಿ ಅದನ್ನು ಬೆರಳಿನ ಕ್ಲಿಪ್ ಮಾಡಿದವು. 1986ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ಶಸ್ತ್ರಚಿಕಿತ್ಸೆಯ ನಿಗಾ ಮಾನದಂಡಗಳನ್ನು ಹೊರತಂದ ಮೇಲೆ ಆಪರೇಷನ್ ಥಿಯೇಟರಿನಲ್ಲಿ ಅದರ ಜಾಗ ಗಟ್ಟಿಯಾಯಿತು.

ಆವೊಯಾಗಿಯವರ ಲೆಕ್ಕದಲ್ಲಿ ಪ್ರತಿ ಅಲೆಯುದ್ದಕ್ಕೂ ಮಿಡಿಯುವ ಭಾಗವನ್ನು ಸ್ಥಿರ ಭಾಗದಿಂದ ಭಾಗಿಸಿ, ಬಂದ ಎರಡು ಸಂಖ್ಯೆಗಳ ಅನುಪಾತ ತೆಗೆಯಬೇಕು. ಅನುಪಾತ 1 ಆದರೆ ಸಂತೃಪ್ತತೆ (ಸ್ಯಾಚುರೇಷನ್) ಸುಮಾರು ಶೇ. 85, ಅದು 0.4–0.5ಕ್ಕೆ ಇಳಿದರೆ ಶೇ. 100ರ ಹತ್ತಿರ. ಈ ಹೊಂದಾಣಿಕೆ ಬೆಳಕು ನೇರವಾಗಿ ಹಾದುಹೋಗುತ್ತದೆ ಎನ್ನುವ ಬಿಯರ್–ಲ್ಯಾಂಬರ್ಟ್ ನಿಯಮದಿಂದ ಬಂದದ್ದಲ್ಲ. ಅಂಗಾಂಶದಲ್ಲಿ ಬೆಳಕು ಚೆದುರುತ್ತ, ತಿರುಗುತ್ತ ಸಾಗುವುದರಿಂದ ಆ ನಿಯಮ ಇಲ್ಲಿ ಕೈಕೊಡುತ್ತದೆ. ಆದ್ದರಿಂದ ಆರೋಗ್ಯವಂತರಿಗೆ ಕಡಿಮೆ ಆಮ್ಲಜನಕದ ಗಾಳಿ ಉಸಿರಾಡಿಸಿ, ಅಪಧಮನಿಯಿಂದ ರಕ್ತ ತೆಗೆದು, ಯಂತ್ರದ ಅನುಪಾತವನ್ನು ರಕ್ತದ ಅಂಕಿಯೊಂದಿಗೆ ಹೊಂದಿಸುತ್ತಾರೆ. ಸುರಕ್ಷತೆಗಾಗಿ ಶೇ. 70ಕ್ಕೆ ನಿಲ್ಲಿಸುತ್ತಾರೆ, ಅದರ ಕೆಳಗಿನದು ಊಹೆ. ಕ್ಯಾಲಿಬ್ರೇಷನ್ ಎಂದರೆ ಇದೇ. ಭೌತಶಾಸ್ತ್ರ ಇಲ್ಲಿ ಮುಗಿಯುತ್ತದೆ, ಮುಂದಿನದು ಯಾರ ಬೆರಳನ್ನು ಆರಿಸಿದರು ಎಂಬುದರ ಮೇಲೆ ನಿಂತಿದೆ.

ಬೆರಳೂ ಒಂದು ಸರಳ ಕೊಳವೆಯಲ್ಲ. ಬೆರಳ ತುದಿಯ ಚರ್ಮದಲ್ಲಿ ಸಣ್ಣ ಅಪಧಮನಿ ಮತ್ತು ಅಭಿಧಮನಿಗಳನ್ನು ಲೋಮನಾಳಗಳ ಹಂಗಿಲ್ಲದೆ ನೇರ ಜೋಡಿಸುವ ದಾರಿಗಳಿವೆ. ದೇಹದ ಶಾಖ ಕಾಯುವುದು ಅವುಗಳ ಮುಖ್ಯ ಕೆಲಸ. ಸಿಂಪಥೆಟಿಕ್ ನರಗಳು ಹಿಂಡಿದರೆ ಅವು ಮುಚ್ಚಿಕೊಳ್ಳುತ್ತವೆ. ನಾಳಗಳ ಒಳಪದರವಾದ ಎಂಡೋಥೀಲಿಯಂ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ಸ್ನಾಯುವನ್ನು ಸಡಿಲಿಸುತ್ತದೆ. ಈ ಅರಿವಿಗೆ 1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ ಸಂದಿತು. ಚಳಿ, ರಕ್ತಸ್ರಾವ, ಶಾಕ್, ಐಸಿಯುನಲ್ಲಿ ಕೊಡುವ ನಾರ್‌ಅಡ್ರಿನಲಿನ್ ಎಲ್ಲವೂ ಈ ನಾಳಗಳನ್ನು ಕುಗ್ಗಿಸುತ್ತವೆ. ಒಳ್ಳೆಯ ಸ್ಥಿತಿಯಲ್ಲೇ ಮಿಡಿಯುವ ಅಂಶ ಒಟ್ಟು ಬೆಳಕಿನ ಶೇಕಡಾ ಒಂದೆರಡು ಮಾತ್ರ. ಅದೂ ಕ್ಷೀಣಿಸಿದಾಗ ಯಂತ್ರ ಸಂಕೇತದ ಗದ್ದಲದಲ್ಲಿ ನಾಡಿಯನ್ನು ಹುಡುಕುತ್ತದೆ. ಹೃದಯದ ತ್ರಿದಳ ಕವಾಟ ಸೋರುವವರಲ್ಲಿ ಅಭಿಧಮನಿಯೂ ಮಿಡಿದು ಓದು ಕೆಳಗಿಳಿಯುವುದುಂಟು. ಅತಿ ಮುಖ್ಯವಾಗಿ ನೋಡಬೇಕಾದ ರೋಗಿಯಲ್ಲೇ ಯಂತ್ರ ಅತಿ ದುರ್ಬಲವಾಗಿರುತ್ತದೆ. ಇದನ್ನು ವಾರ್ಡಿನ ಪ್ರತಿ ನರ್ಸ್‌ಗೂ ಹೇಳಿಕೊಡಬೇಕು. ಮಿಡಿತ ಚೆನ್ನಾಗಿದ್ದರೂ ಓದು ತಪ್ಪುವುದುಂಟು: ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಹೊಗೆ ಕುಡಿದವರಲ್ಲಿ ಕಾರ್ಬನ್ ಮೊನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನು ಯಂತ್ರ ಆಮ್ಲಜನಕ ಹೊತ್ತದ್ದೆಂದೇ ಓದುತ್ತದೆ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್‌ನಿಂದ ಮೆಟ್‌ಹಿಮೋಗ್ಲೋಬಿನ್ ಬಹಳ ಹೆಚ್ಚಾದರೆ ಓದು 85ರ ಸುತ್ತ ಅಂಟಿಕೊಳ್ಳುತ್ತದೆ.

ಚರ್ಮದ ಬಣ್ಣದ ಪ್ರಶ್ನೆ ಇನ್ನೂ ಸೂಕ್ಷ್ಮ. ಮೆಲನಿನ್ ಮೇಲ್ಚರ್ಮದಲ್ಲಿದೆ, ಅದು ಮಿಡಿಯುವುದಿಲ್ಲ. ಆದ್ದರಿಂದ ಸ್ಥಿರ ಭಾಗದೊಂದಿಗೆ ಭಾಗವಾಗಿ ಹೋಗಬೇಕು. ಆವೊಯಾಗಿಯವರ ತರ್ಕ ಅಷ್ಟು ಸೊಗಸಾಗಿದ್ದುದರಿಂದಲೇ ಚರ್ಮದ ಬಣ್ಣ ಓದನ್ನು ಕೆಡಿಸಬಹುದೆಂಬ ಅನುಮಾನ ದಶಕಗಳ ಕಾಲ ಬದಿಗೆ ಸರಿದಿತ್ತು. ಎಲ್‌ಇಡಿ ಒಂದೇ ಅಲೆಯುದ್ದ ಬೀರಿದ್ದರೆ ಆ ತರ್ಕ ಹೆಚ್ಚುಕಡಿಮೆ ನಿಲ್ಲುತ್ತಿತ್ತು. ಆದರೆ ಅದು ಒಂದು ಹರವಿನ ಬೆಳಕು ಬೀರುತ್ತದೆ, ಮೆಲನಿನ್ ಆ ಹರವಿನಲ್ಲಿ ಗಿಡ್ಡ ಅಲೆಗಳನ್ನು ಹೆಚ್ಚು ಹೀರುತ್ತದೆ. ಒಳಹೋದ ಕೆಂಪು ಬೆಳಕು ಉದ್ದ ಅಲೆಗಳ ಕಡೆ ವಾಲುತ್ತದೆ; ಅಲ್ಲಿ ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಕಡಿಮೆ ಹೀರುತ್ತದೆ; ಅನುಪಾತ ಇಳಿಯುತ್ತದೆ; ಪರದೆಯ ಮೇಲಿನ ಅಂಕಿ ಏರುತ್ತದೆ. ಈ ವಿವರಣೆ ಪೂರ್ಣವಲ್ಲ, ಚೆದುರುವಿಕೆಗೂ ಪಾಲಿದೆ. ಆದರೂ ತಪ್ಪು ಯಾವ ದಿಕ್ಕಿನದು ಎಂಬುದನ್ನು ಅದು ಸರಿಯಾಗಿ ಹೇಳುತ್ತದೆ: ಕಪ್ಪು ಚರ್ಮದಲ್ಲಿ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು 2005ರಲ್ಲೇ ಇದನ್ನು ಸ್ವಯಂಸೇವಕರಲ್ಲಿ ಕಂಡಿದ್ದರು. ಲೋಕ ಎಚ್ಚೆತ್ತದ್ದು 2020ರ ಡಿಸೆಂಬರಿನಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ಶೋಡಿಂಗ್ ಮತ್ತು ಸಂಗಡಿಗರ ಪತ್ರ ಬಂದಾಗ. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತದ ನಿಜವಾದ ಸಂತೃಪ್ತತೆ 88ಕ್ಕಿಂತ ಕೆಳಗಿದ್ದ ಪ್ರಮಾಣ ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಈ ಅಂತರ ಸಣ್ಣದಲ್ಲ: ರಕ್ತದ ಆಮ್ಲಜನಕದ ಒತ್ತಡಕ್ಕೂ ಸಂತೃಪ್ತತೆಗೂ ಇರುವ ಸಂಬಂಧದ ವಕ್ರರೇಖೆಯಲ್ಲಿ ಶೇ. 90ರ ಹತ್ತಿರ ಆ ಒತ್ತಡ ಸುಮಾರು 60 ಮಿಲಿಮೀಟರ್ ಪಾದರಸ. ಅಲ್ಲಿಂದ ಕೆಳಗೆ ಇಳಿಜಾರು ಕಡಿದು. ಪರದೆಯ 92 ಮತ್ತು ರಕ್ತದ 87 ಆ ರೇಖೆಯ ಎರಡು ಬೇರೆ ನೆಲೆಗಳು. ಇಂಥ ಯಂತ್ರಗಳ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2013ರ ಮಾರ್ಗಸೂಚಿ ಕೇಳಿದ್ದು ಕನಿಷ್ಠ ಹತ್ತು ಮಂದಿಯನ್ನು. ಅದರಲ್ಲಿ ಗಾಢ ಬಣ್ಣದವರು ಇಬ್ಬರು ಅಥವಾ ಶೇ. 15, ಯಾವುದು ಹೆಚ್ಚೋ ಅಷ್ಟು. ಜೀವ ಕಾಯುವ ಯಂತ್ರಕ್ಕೆ ಇದು ತೀರ ಬಡ ಮಾದರಿ ಎಂದು ನಾನು ಹೇಳದೆ ಇರಲಾರೆ. ಆ ಸಂಸ್ಥೆಯ 2025ರ ಕರಡು ಮಾರ್ಗಸೂಚಿ ಮಾದರಿಯ ಸಂಖ್ಯೆಯನ್ನು ಬಹಳ ಹಿಗ್ಗಿಸಿದೆ, ಚರ್ಮದ ಬಣ್ಣವನ್ನು ಉಪಕರಣದಿಂದ ಅಳೆಯಲು ಸೂಚಿಸಿದೆ.

ಮಿಶಿಗನ್ ಅಧ್ಯಯನಕ್ಕೂ ಒಂದು ಮಿತಿಯಿದೆ: ಅಲ್ಲಿದ್ದದ್ದು ರೋಗಿ ಹೇಳಿಕೊಂಡ ಜನಾಂಗ, ಅಳೆದ ಚರ್ಮವಲ್ಲ. ಆ ವರ್ಗೀಕರಣವನ್ನು ಕರ್ನಾಟಕಕ್ಕೆ ತಂದರೆ ಅರ್ಥವೇ ಉಳಿಯದು. ಇಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರ ಬಣ್ಣದಲ್ಲೇ ಅಂತರವಿರುತ್ತದೆ, ಬಿಸಿಲಲ್ಲಿ ದುಡಿಯುವವರ ಕೈಯ ಬಣ್ಣ ಮೈಗಿಂತ ಬೇರೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪಲ್ಸ್ ಆಕ್ಸಿಮೀಟರ್ ವ್ಯಾಪಾರದ ಲಾಭಾಂಶಕ್ಕೆ ಶೇ. 70ರ ಮಿತಿ ಹಾಕಿತು. ಅಷ್ಟೇ ಕಾಳಜಿ ನಿಖರತೆಗೂ ಸಲ್ಲಬೇಕು. ನಮ್ಮ ರೋಗಿಗಳಲ್ಲೇ ದೋಷ ಅಳೆಯಲು ಹೊಸ ಪ್ರಯೋಗಾಲಯ ಬೇಡ. ಐಸಿಯುಗಳಲ್ಲಿ ಚಿಕಿತ್ಸೆಗಾಗಿಯೇ ಅಪಧಮನಿಯ ರಕ್ತ ತೆಗೆಯುತ್ತಾರೆ. ಅದೇ ನಿಮಿಷ ಪರದೆಯ ಓದು, ಪರ್ಫ್ಯೂಷನ್ ಇಂಡೆಕ್ಸ್ (ಮಿಡಿಯುವ ಅಂಶದ ಪ್ರಮಾಣ), ಬೆರಳಿನ ಉಷ್ಣತೆ, ನಾರ್‌ಅಡ್ರಿನಲಿನ್ ಪ್ರಮಾಣ ಮತ್ತು ಬಣ್ಣಮಾಪಕದಿಂದ ಅಳೆದ ಬೆರಳ ಚರ್ಮದ ಬಣ್ಣ ಬರೆದಿಟ್ಟರೆ ಮೆಲನಿನ್ನಿನ ಪಾಲನ್ನೂ ನಾಳಸಂಕೋಚದ ಪಾಲನ್ನೂ ಬೇರ್ಪಡಿಸಬಹುದು. ಮಿಶಿಗನ್‌ನವರು ಹತ್ತು ನಿಮಿಷದ ಅಂತರವನ್ನು ಒಪ್ಪಿಕೊಂಡಿದ್ದರು; ಹೊಸದಾಗಿ ದಾಖಲಿಸುವಾಗ ಅಷ್ಟು ಸಡಿಲ ಬೇಡ. ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ: ಸಾಮಾನ್ಯ ಬ್ಲಡ್ ಗ್ಯಾಸ್ ಯಂತ್ರ ಸಂತೃಪ್ತತೆಯನ್ನು ಅಳೆಯುವುದಿಲ್ಲ, ಆಮ್ಲಜನಕದ ಒತ್ತಡ ಮತ್ತು ಆಮ್ಲೀಯತೆಯಿಂದ ಲೆಕ್ಕ ಹಾಕಿ ಮುದ್ರಿಸುತ್ತದೆ. ಹೋಲಿಕೆಗೆ ಒಪ್ಪುವುದು, ರಕ್ತದ ಮಾದರಿಯಲ್ಲೇ ಬೆಳಕಿನಿಂದ ಸಂತೃಪ್ತತೆ ಅಳೆಯುವ ಕೋ-ಆಕ್ಸಿಮೀಟರ್ ಕೊಟ್ಟ ಅಂಕಿ ಮಾತ್ರ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದ ಅಧ್ಯಯನದ ಫಲಿತಾಂಶವನ್ನು ಪರಿಗಣಿಸಬಾರದು.