ಗ್ಲಾಸ್ಗೋ ವಿಸ್ಕಿಗೆ ಬೆಂಗಳೂರಿನ ಒಡೆತನ

ವೈಟ್ ಅಂಡ್ ಮ್ಯಾಕೇ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಂಪನಿ. ಅದೇ ಹೆಸರಿನ ಬ್ಲೆಂಡೆಡ್ ಸ್ಕಾಚ್ ವಿಸ್ಕಿ ಅದರ ಹಳೆಯ ಸರಕು. 2007ರಿಂದ 2014ರವರೆಗೆ ಈ ಕಂಪನಿ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕೈಯಲ್ಲಿತ್ತು. ಆ ಏಳು ವರ್ಷಗಳ ಮಾತು ಬಂದರೆ ಜನ ಅದರ ಆಗಿನ ಒಡೆಯ ವಿಜಯ್ ಮಲ್ಯರ ಠೀವಿಯನ್ನೇ ನೆನೆಯುತ್ತಾರೆ. ಆದರೆ ಆ ಖರೀದಿಯ ಹಿಂದಿದ್ದದ್ದು ಪೀಪಾಯಿಗಳ ಲೆಕ್ಕಾಚಾರ. ಅದು ಅರ್ಥವಾಗಬೇಕಾದರೆ ಉತ್ತರ ಕರ್ನಾಟಕದ ಇಂಡಿ, ಸಿಂದಗಿ ಕಡೆಯ ಕಬ್ಬನ್ನೂ ಸ್ವಲ್ಪ ನೋಡಬೇಕಾಗುತ್ತದೆ.

ಹುಟ್ಟು ಮತ್ತು ಹಲವು ಒಡೆಯರು

ಜೇಮ್ಸ್ ವೈಟ್ ಮತ್ತು ಚಾರ್ಲ್ಸ್ ಮ್ಯಾಕೇ 1881ರಲ್ಲಿ ತಮ್ಮ ಹೆಸರಿನಲ್ಲಿ ವ್ಯಾಪಾರ ಆರಂಭಿಸಿದರು. ಬೇರೆ ಬೇರೆ ಭಟ್ಟಿಗಳ ಮಾಲ್ಟ್ ವಿಸ್ಕಿಗಳನ್ನು ಮೊದಲು ತಮ್ಮತಮ್ಮಲ್ಲೇ ಬೆರೆಸಿ ಪೀಪಾಯಿಯಲ್ಲಿ ಇಡುವುದು, ಆಮೇಲೆ ಧಾನ್ಯದ ವಿಸ್ಕಿ ಸೇರಿಸಿ ಮತ್ತೆ ಇಡುವುದು ಇವರ ಪದ್ಧತಿ. 1960ರಲ್ಲಿ ಡಾಲ್ಮೋರ್ ಭಟ್ಟಿ ಇವರ ಜೊತೆ ವಿಲೀನವಾಯಿತು. 1839ರಲ್ಲಿ ಆರಂಭವಾದ ಆ ಭಟ್ಟಿಯ ಬಾಟಲಿ ಮೇಲಿನ ಜಿಂಕೆಯ ತಲೆ ಇಂದು ಮೂಲ ಕಂಪನಿಯ ಲಾಂಛನದ ಎರಡು ಸಿಂಹಗಳಿಗಿಂತ ಹೆಚ್ಚು ಬೆಲೆ ಬಾಳುತ್ತದೆ.

1972ರ ನಂತರ ಕಂಪನಿ ಒಂದೇ ಮನೆಯಲ್ಲಿ ನೆಲೆ ನಿಲ್ಲಲಿಲ್ಲ. ಸ್ಕಾಟಿಷ್ ಯುನಿವರ್ಸಲ್, ಲೊನ್ರೊ, ಬ್ರೆಂಟ್ ವಾಕರ್, ಅಮೆರಿಕನ್ ಬ್ರ್ಯಾಂಡ್ಸ್ ಹೀಗೆ ಕೈ ಬದಲಾಗುತ್ತಲೇ ಹೋಯಿತು. 2001ರಲ್ಲಿ ಅಲ್ಲಿನ ಆಡಳಿತಗಾರರೇ ಕೊಂಡುಕೊಂಡರು. ಇಷ್ಟಾದರೂ ಪೀಪಾಯಿಗಳು ಸ್ಕಾಟ್ಲೆಂಡ್ ಬಿಟ್ಟು ಕದಲಲಿಲ್ಲ. ಕದಲುವಂತೆಯೂ ಇರಲಿಲ್ಲ: ಅಲ್ಲಿಯೇ ಭಟ್ಟಿ ಇಳಿಸಿ, ಅಲ್ಲಿಯೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟದ್ದಕ್ಕೆ ಮಾತ್ರ ಕಾನೂನು ಸ್ಕಾಚ್ ಎಂಬ ಹೆಸರು ಕೊಡುತ್ತದೆ.

ಕಬ್ಬಿನ ಸೀಮೆಯ ಲೆಕ್ಕ

ಸ್ಕಾಚ್ ಮಾಲ್ಟಿಗೆ ಬೇಕಾದದ್ದು ಮೊಳಕೆ ಬರಿಸಿದ ಬಾರ್ಲಿ. ನಮ್ಮ ದೇಶದ ಅಗ್ಗದ ವಿಸ್ಕಿಯ ಬುಡದಲ್ಲಿ ಬಹುಕಾಲದಿಂದ ಇರುವುದು ಕಾಕಂಬಿ. ಭೀಮಾ ದಂಡೆಯ ಇಂಡಿ, ಸಿಂದಗಿ ಮತ್ತು ಕೃಷ್ಣಾ ಸೀಮೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಕಾಲುವೆ ನೀರು ಬಂದ ಮೇಲೆ ಕಬ್ಬು ಹೆಚ್ಚಿತು. ಇಂಡಿ ತಾಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯೇ ಇದೆ. ಕಬ್ಬು ಅರೆದು, ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಕಪ್ಪು ಅಂಟು ರಸ ಕಾಕಂಬಿ. ಅದನ್ನು ಹುಳಿಯಿಸಿ ಭಟ್ಟಿ ಇಳಿಸಿದರೆ ಮದ್ಯಸಾರ. ಈ ಮದ್ಯಸಾರ ಹೆಚ್ಚುಕಡಿಮೆ ಬಣ್ಣ, ರುಚಿ ಎರಡೂ ಇಲ್ಲದ ಸರಕು. ಅದಕ್ಕೆ ವಿಸ್ಕಿಯ ವಾಸನೆ ಬರಬೇಕಾದರೆ ಮಾಲ್ಟ್ ಬೆರೆಯಬೇಕು. ದುಬಾರಿ ಬಾಟಲಿಗಳಿಗೆ ಸ್ಕಾಟ್ಲೆಂಡಿನ ಮಾಲ್ಟನ್ನೇ ಬೆರೆಸುತ್ತಾರೆ. ಕಾಕಂಬಿಯದ್ದನ್ನು ಯುರೋಪಿನಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ. ಅವರ ಹಟ ನನಗೆ ತಪ್ಪೆನಿಸುವುದಿಲ್ಲ, ಕಬ್ಬಿನ ಮದ್ಯ ರಮ್ಮಿನ ಕುಲಕ್ಕೆ ಹತ್ತಿರ.

59.5 ಕೋಟಿ ಪೌಂಡಿನ ಖರೀದಿ

ಯುನೈಟೆಡ್ ಸ್ಪಿರಿಟ್ಸ್ ಸೇರಿದ್ದ ಬಳಗದ ಮೂಲ ಕಂಪನಿ ಯುನೈಟೆಡ್ ಬ್ರೂವರೀಸನ್ನು 1915ರಲ್ಲಿ ಕಟ್ಟಿದವನು ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನೇ. ವಿಠ್ಠಲ ಮಲ್ಯ ಅದನ್ನು ಹಿಡಿದು, 1951ರಲ್ಲಿ ಮದರಾಸಿನ ಮೆಕ್‌ಡೊವೆಲ್ ಕಂಪನಿಯನ್ನೂ ಕೊಂಡರು. ಮಗ ವಿಜಯ್ ಮಲ್ಯ 1983ರಲ್ಲಿ ಪಟ್ಟಕ್ಕೆ ಬಂದರು.

ಹೊಸ ಶತಮಾನದಲ್ಲಿ ಸ್ಕಾಚ್ ಬೇಡಿಕೆ ಏರಿತು. ಹನ್ನೆರಡು ವರ್ಷದ ಮಾಲ್ಟ್ ಬೇಕೆಂದರೆ ಹನ್ನೆರಡು ವರ್ಷ ಕಾಯಬೇಕು, ಇಲ್ಲವೇ ಕಾದವರಿಂದ ಕೊಳ್ಳಬೇಕು. 2007ರ ಮೇ ತಿಂಗಳಲ್ಲಿ ಯುನೈಟೆಡ್ ಸ್ಪಿರಿಟ್ಸ್ 59.5 ಕೋಟಿ ಪೌಂಡಿಗೆ, ಅಂದರೆ ಆಗಿನ ಸುಮಾರು 4,800 ಕೋಟಿ ರೂಪಾಯಿಗೆ, ಇಡೀ ಕಂಪನಿಯನ್ನು ಖರೀದಿಸಿತು. ಡಾಲ್ಮೋರ್, ಜೂರಾ, ಫೆಟರ್‌ಕೇರ್ನ್, ಟಾಮ್ನವುಲಿನ್ ಎಂಬ ನಾಲ್ಕು ಮಾಲ್ಟ್ ಭಟ್ಟಿಗಳು, ಇನ್ವರ್‌ಗಾರ್ಡನ್‌ನ ಧಾನ್ಯದ ಭಟ್ಟಿ, ಮೇಲೆ ಕೋಟಿಗಟ್ಟಲೆ ಲೀಟರ್ ಮಾಗಿದ ದಾಸ್ತಾನು ಕೈಗೆ ಬಂದವು. ನನ್ನ ಎಣಿಕೆಯಲ್ಲಿ ನಿಜವಾದ ಆಸ್ತಿ ಆ ದಾಸ್ತಾನೇ.

ಠೀವಿಯೂ ಇರಲಿಲ್ಲವೆಂದಲ್ಲ. ಅನ್ವೇಷಕ ಶ್ಯಾಕಲ್‌ಟನ್ 1907–09ರ ಯಾತ್ರೆಯಲ್ಲಿ ಅಂಟಾರ್ಕ್ಟಿಕಾದ ತನ್ನ ಗುಡಿಸಲಿನಡಿ ಬಿಟ್ಟುಹೋಗಿದ್ದ ಮ್ಯಾಕಿನ್ಲೇ ವಿಸ್ಕಿಯ ಪೆಟ್ಟಿಗೆಯನ್ನು 2010ರಲ್ಲಿ ಹಿಮದಿಂದ ತೆಗೆದರು. ಆ ಬ್ರ್ಯಾಂಡ್ ಈಗ ವೈಟ್ ಅಂಡ್ ಮ್ಯಾಕೇಯದು. 2011ರಲ್ಲಿ ಮೂರು ಬಾಟಲಿ ಮಲ್ಯರ ಖಾಸಗಿ ವಿಮಾನದಲ್ಲಿ ನ್ಯೂಜಿಲೆಂಡಿನಿಂದ ಸ್ಕಾಟ್ಲೆಂಡಿಗೆ ಬಂದವು. ಬೆರಕೆಯ ಮೇಸ್ತ್ರಿ ರಿಚರ್ಡ್ ಪ್ಯಾಟರ್ಸನ್ ಅದನ್ನು ಪರೀಕ್ಷಿಸಿ, ಅದೇ ರುಚಿಯ ಹೊಸ ವಿಸ್ಕಿ ಕಟ್ಟಿದರು. ಮೂಲ ಬಾಟಲಿಗಳು ಮರಳಿ ಹಿಮಕ್ಕೆ ಹೋದವು.

ಕೈ ತಪ್ಪಿದ್ದು

ಮಲ್ಯರ ಕಿಂಗ್‌ಫಿಷರ್ ವಿಮಾನಗಳು 2012ರಲ್ಲಿ ನಿಂತವು. ಅದೇ ವರ್ಷ ಲಂಡನ್ನಿನ ಡಿಯಾಜಿಯೊ ಯುನೈಟೆಡ್ ಸ್ಪಿರಿಟ್ಸ್‌ನಲ್ಲಿ ಪಾಲು ಕೊಳ್ಳುವುದಾಗಿ ಸಾರಿತು. ಜಾನಿ ವಾಕರ್, ಬೆಲ್ಸ್ ಒಡೆತನದ ಆ ಕಂಪನಿಗೆ ವೈಟ್ ಅಂಡ್ ಮ್ಯಾಕೇ ಕೂಡ ಸೇರಿದರೆ ಪೈಪೋಟಿ ಉಳಿಯುವುದಿಲ್ಲವೆಂದು ಬ್ರಿಟನ್ನಿನ ವ್ಯಾಪಾರ ನಿಯಂತ್ರಕರು ಆಕ್ಷೇಪಿಸಿದರು. ಹಾಗಾಗಿ 2014ರಲ್ಲಿ ಮಾರಬೇಕಾಯಿತು. ಫಿಲಿಪೀನ್ಸಿನ ಬ್ರಾಂದಿ ತಯಾರಕ ಎಂಪರಡಾರ್ 43 ಕೋಟಿ ಪೌಂಡ್ ಕೊಟ್ಟಿತು. ಪೌಂಡಿನಲ್ಲಿ ನಷ್ಟ 16.5 ಕೋಟಿ. ಅಷ್ಟರಲ್ಲಿ ರೂಪಾಯಿ ಕುಸಿದು ಪೌಂಡು ನೂರರ ಆಸುಪಾಸಿಗೆ ಬಂದಿದ್ದರಿಂದ ರೂಪಾಯಿ ಲೆಕ್ಕದಲ್ಲಿ ಅಂತರ ಅಷ್ಟು ದೊಡ್ಡದಾಗಿ ಕಾಣಲಿಲ್ಲ.

ಇಂದಿನ ಸ್ಥಿತಿ

ವೈಟ್ ಅಂಡ್ ಮ್ಯಾಕೇ ಇನ್ನೂ ಎಂಪರಡಾರ್ ಒಡೆತನದಲ್ಲಿದೆ. ಯುನೈಟೆಡ್ ಸ್ಪಿರಿಟ್ಸ್ ಡಿಯಾಜಿಯೊ ಅಧೀನದಲ್ಲಿ ಬೆಂಗಳೂರಿನಿಂದಲೇ ನಡೆಯುತ್ತಿದೆ. ಬೆಂಗಳೂರಿನ ಇನ್ನೊಂದು ಕಂಪನಿ, 1948ರ ಅಮೃತ್ ಡಿಸ್ಟಿಲರೀಸ್, ಸ್ಕಾಟ್ಲೆಂಡಿನಲ್ಲಿ ಏನನ್ನೂ ಕೊಳ್ಳದೆ 2004ರಲ್ಲಿ ತನ್ನದೇ ಬಾರ್ಲಿ ಮಾಲ್ಟನ್ನು ಗ್ಲಾಸ್ಗೋದಲ್ಲಿ ಮಾರಾಟಕ್ಕಿಟ್ಟಿತು. ಸ್ಕಾಚ್ ಮೇಲಿನ ಶೇಕಡಾ 150ರ ಆಮದು ಸುಂಕವನ್ನು ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸುವ ಒಪ್ಪಂದಕ್ಕೆ ಭಾರತ ಮತ್ತು ಬ್ರಿಟನ್ 2025ರ ಜುಲೈನಲ್ಲಿ ಸಹಿ ಹಾಕಿವೆ. ಸಗಟಾಗಿ ಬರುವ ಸ್ಕಾಚ್ ಕೂಡ ಅಗ್ಗವಾದರೆ, ಕಾಕಂಬಿಯ ಮದ್ಯಸಾರಕ್ಕೆ ಬೆರೆಸುವವರ ಖರ್ಚೂ ಇಳಿಯುತ್ತದೆ.